ದೂರಮಾಪಕವನ್ನು ಕೊಳ್ಳುವ ಮುನ್ನ

ಬಿಲ್ಲುಬೇಟೆಗಾರರಿಗೆಂದು ಪರದೇಶಗಳಲ್ಲಿ ತಯಾರಾಗುವ ರೇಂಜ್‌ಫೈಂಡರ್ ಎಂಬ ದೂರಮಾಪಕಗಳು ಈಗ ನಮ್ಮಲ್ಲಿಯೂ ದೊರೆಯುತ್ತವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ದೇಶದಲ್ಲಿ ಬೇಟೆಯನ್ನು ನಿಷೇಧಿಸಿದೆ. ಕೋವಿಗಿಲ್ಲದ ವಿನಾಯಿತಿ ಬಿಲ್ಲಿಗೂ ಇಲ್ಲ. ಹಾಗಾದರೆ ಈ ಉಪಕರಣದಿಂದ ನಮಗೇನು ಪ್ರಯೋಜನ? ಉತ್ತರವನ್ನು ಬಯಸುವವರು ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 14 ಕಿಲೋಮೀಟರ್ ಸಾಗಿ, ತುಂಗೆಯ ಹಿನ್ನೀರಿನ ಅಂಚಿನಲ್ಲಿರುವ ಸಕ್ರೆಬೈಲಿನ ಆನೆ ಬಿಡಾರವನ್ನು ನೋಡಬೇಕು.

ಊರು ತೋಟಗಳಿಗೆ ನುಗ್ಗುವ ಕಾಡಾನೆಯನ್ನು ಹಿಡಿಯಲು ಇಲ್ಲಿಯ ಪಳಗಿದ ಆನೆಗಳನ್ನು ಕರೆದೊಯ್ಯುವುದುಂಟು. ಕಾಡಾನೆಗೆ ಅರಿವಳಿಕೆ ಮದ್ದು ತುಂಬಿದ ಸೂಜಿಬಾಣವನ್ನು ಅನಿಲದ ಒತ್ತಡದಿಂದ ಹಾರಿಸಬೇಕಾಗುತ್ತದೆ. ಆ ಒತ್ತಡವು ದೂರಕ್ಕೆ ತಕ್ಕಷ್ಟೇ ಇರಬೇಕು. ಹೆಚ್ಚಾದರೆ ಪ್ರಾಣಿಗೆ ಗಾಯ. ಕಡಿಮೆಯಾದರೆ ಗುರಿ ತಪ್ಪಿ, ಕೆರಳಿದ ಆನೆಯನ್ನು ಎದುರಿಸಬೇಕಾದೀತು. ಈ ಕೆಲಸದ ಅಪಾಯವನ್ನು ವಿವರಿಸಬೇಕಾಗಿಲ್ಲ: 2023ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಇದರಲ್ಲಿ ನುರಿತವರೊಬ್ಬರು ಕಾಡಾನೆಯ ದಾಳಿಗೆ ಸಿಕ್ಕಿ ಮಡಿದರು.

ದೂರದ ಅಂದಾಜು ಸ್ವಲ್ಪ ತಪ್ಪಿದರೆ ಏನಾದೀತೆಂಬುದನ್ನು ಲೆಕ್ಕವೇ ಹೇಳಲಿ. ಸೆಕೆಂಡಿಗೆ 60 ಮೀಟರ್ ವೇಗದ ಬಾಣವು 30 ಮೀಟರ್ ಕ್ರಮಿಸಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಭೂಮಿಯ ಆಕರ್ಷಣೆಯಿಂದ ಅದು ಸುಮಾರು 1.2 ಮೀಟರ್ ಕುಸಿಯುತ್ತದೆ. 30 ಮೀಟರ್ ಎಂದು ಗುರಿಯಿಟ್ಟಾಗ ನಿಜವಾದ ದೂರ 35 ಇದ್ದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಬಾಣವು ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ನಾಟುತ್ತದೆ.

ದೂರಮಾಪಕವು ಲೇಸರ್ ಬೆಳಕನ್ನು ಕಳುಹಿಸಿ, ಅದು ತಾಗಿ ಹಿಂದಿರುಗುವ ಕಾಲವನ್ನು ಅಳೆಯುತ್ತದೆ. 30 ಮೀಟರಿಗೆ ಆ ಕಾಲವು ಸೆಕೆಂಡಿನ ಕೋಟಿ ಭಾಗಗಳಲ್ಲಿ ಎರಡು ಮಾತ್ರ! ಪೆಟ್ಟಿಗೆಯ ಮೇಲೆ "1000 ಮೀಟರ್" ಎಂದು ಅಚ್ಚಾಗಿರುವುದನ್ನು ಕಂಡು ಹೆಚ್ಚು ಹಣ ತೆರುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ. ಮಲೆನಾಡಿನ ದಟ್ಟ ಕಾಡಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. ಮೂರನ್ನು ಮಾತ್ರ ನೋಡಿರಿ. ಸಮೀಪದ ದೂರಗಳಲ್ಲಿ ತಪ್ಪು ಒಂದು ಮೀಟರನ್ನು ಮೀರಬಾರದು. ಮುಂದಿರುವ ಬಿದಿರೆಲೆಯನ್ನು ಬಿಟ್ಟು ಹಿಂದಿರುವ ವಸ್ತುವನ್ನು ಗುರುತಿಸುವ ಸೌಲಭ್ಯವಿರಬೇಕು. ಇಳಿಜಾರಿನಲ್ಲಿ ಸಮತಲದ ದೂರವನ್ನೂ ತಿಳಿಸಬೇಕು. ಏಕೆಂದರೆ 30 ಡಿಗ್ರಿ ಓರೆಯಲ್ಲಿ ಕಾಣುವ 30 ಮೀಟರ್, ಸಮತಲದಲ್ಲಿ 26 ಮೀಟರ್ ಮಾತ್ರ.

ವಿದ್ಯಾರ್ಥಿಗಳಿಗೆ ಇದಕ್ಕಿಂತಲೂ ಅಗ್ಗದ ದೂರಮಾಪಕವೊಂದಿದೆ: ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿ. ಆನೆಯ ಮುಂಗಾಲಿನ ಹೆಜ್ಜೆಗುರುತಿನ ಸುತ್ತಳತೆಯನ್ನು ಇಮ್ಮಡಿಸಿದರೆ ಅದರ ಭುಜದೆತ್ತರ ಸುಮಾರಾಗಿ ಸಿಗುತ್ತದೆ. ಆ ಎತ್ತರ 2.5 ಮೀಟರ್ ಎನ್ನೋಣ. ಕಣ್ಣಿನಿಂದ 60 ಸೆಂಟಿಮೀಟರ್ ದೂರಕ್ಕೆ ಚಾಚಿ ಹಿಡಿದ ಪಟ್ಟಿಯ ಮೇಲೆ ಆನೆಯು 5 ಸೆಂಟಿಮೀಟರ್ ಎತ್ತರವಾಗಿ ಕಂಡರೆ, ಅದು 30 ಮೀಟರ್ ದೂರದಲ್ಲಿದೆ. ಸದೃಶ ತ್ರಿಭುಜಗಳ ಪಾಠವೇ ಇದು.

ಮೊದಲು ಈ ಲೆಕ್ಕವು ಕಣ್ಣಿಗೆ ಅಭ್ಯಾಸವಾಗಲಿ, ಯಂತ್ರವು ಅನಂತರ ಬರಲಿ. ಯಂತ್ರವು ತಪ್ಪು ಹೇಳಿದಾಗ ಅದನ್ನು ಸಂಶಯಿಸಬಲ್ಲವನ ಕೈಯಲ್ಲಿ ಮಾತ್ರ ಅದು ನಿಜವಾದ ಉಪಕರಣ.