‘ಸಬ್ಜೆಕ್ಟ್ ಟು’ ಎಂಬ ಎರಡು ಮಾತು

ಅಂಗಡಿಯ ರಶೀದಿಯನ್ನು ನಮ್ಮಲ್ಲಿ ಪೂರ್ತಿಯಾಗಿ ಓದುವವರು ವಿರಳ. ಕೊನೆಯ ಸಾಲಿನ ಮೊತ್ತವನ್ನು ನೋಡುತ್ತೇವೆ, ಒಂದು ನಿಟ್ಟುಸಿರು ಬಿಡುತ್ತೇವೆ, ರಶೀದಿಯನ್ನು ಗೋಡೆಯ ತಂತಿಗೆ ಪೋಣಿಸುತ್ತೇವೆ. ವಾಚಕರು ಬಿಡುವಾದಾಗ ಆ ತಂತಿಯಿಂದ ಒಂದೆರಡನ್ನು ಕೆಳಗಿಳಿಸಿ ನೋಡಬೇಕು. ಕೆಲವುಗಳ ನೆತ್ತಿಯ ಮೇಲೆ, ಇಷ್ಟದೈವದ ಹೆಸರಿನ ಪಕ್ಕದಲ್ಲಿಯೇ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಒಂದು ಇಂಗ್ಲಿಷ್ ಮಾತು ಕಂಡುಬರುತ್ತದೆ: ‘ಸಬ್ಜೆಕ್ಟ್ ಟು ಹುಬ್ಳಿ ಜೂರಿಸ್‌ಡಿಕ್ಷನ್’.

ಇದರ ಅರ್ಥವೇನು? ಶಿಗ್ಗಾಂವಿಯ ಗೃಹಸ್ಥರೊಬ್ಬರು ಹುಬ್ಬಳ್ಳಿಯ ಪೇಟೆಯಲ್ಲಿ ನೀರೆತ್ತುವ ಪಂಪೊಂದನ್ನು ಕೊಂಡರೆನ್ನೋಣ. ಅದು ಕೆಟ್ಟು, ಮಾತಿಗೆ ಮಾತು ಬೆಳೆದು, ವ್ಯಾಜ್ಯವಾಯಿತೆನ್ನೋಣ. ಆಗ ದಾವೆಯನ್ನು ಹುಬ್ಬಳ್ಳಿಯ ನ್ಯಾಯಾಲಯದಲ್ಲಿಯೇ ಹೂಡತಕ್ಕದ್ದು ಎಂಬುದು ವರ್ತಕನ ಇಂಗಿತ. ಈ ಮಾತು ತೀರ ಪೊಳ್ಳೇನಲ್ಲ. ೧೮೭೨ರ ಕರಾರು ಕಾಯ್ದೆಯ ಪ್ರಕಾರ ನ್ಯಾಯಾಲಯದ ಬಾಗಿಲನ್ನೇ ಮುಚ್ಚುವ ಕರಾರು ಸಲ್ಲದು. ಆದರೆ ಎರಡು ಊರಿನ ನ್ಯಾಯಾಲಯಗಳಿಗೂ ಅಧಿಕಾರವಿರುವಲ್ಲಿ ಒಂದನ್ನು ಆರಿಸಿಕೊಳ್ಳುವ ಒಪ್ಪಂದವು ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವು ೧೯೭೧ರಲ್ಲಿ ತೀರ್ಪಿತ್ತಿದೆ. ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ರಶೀದಿಯ ಸಾಲೊಂದು ಅಧಿಕಾರವನ್ನು ಕೊಡಲಾರದು. ಮೇಲಾಗಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದೆಂದು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದುದರಿಂದ ನಮ್ಮ ಗೃಹಸ್ಥರು ಹಾವೇರಿಗೆ ಹೋದರೂ ನಡೆದೀತು. ಆದರೆ ಇಷ್ಟೆಲ್ಲ ವಿಚಾರ ಹುಟ್ಟಬೇಕಾದರೆ ಮೊದಲು ಆ ಸಾಲು ಕಣ್ಣಿಗೆ ಬೀಳಬೇಕು. ಬಿದ್ದ ಮೇಲೆ ಅರ್ಥವಾಗಬೇಕು.

ಅರ್ಥವಾಗದಿರಲು ಕಾರಣವುಂಟು. ‘ಸಬ್ಜೆಕ್ಟ್’ ಎಂದರೆ ಶಾಲೆಯ ಹುಡುಗನಿಗೆ ಪಾಠದ ವಿಷಯ, ಇತಿಹಾಸಕಾರನಿಗೆ ಅರಸನ ಪ್ರಜೆ, ವೈಯಾಕರಣನಿಗೆ ವಾಕ್ಯದ ಕರ್ತೃ. ಮೂಲದ ಲ್ಯಾಟಿನ್ನಿನಲ್ಲಿ ಅದಕ್ಕೆ ‘ಕೆಳಗೆ ಇಡಲ್ಪಟ್ಟದ್ದು’ ಎಂದರ್ಥ. ‘ಟು’ ಸೇರಿದೊಡನೆ ಈ ಮಾತು ಮೂರು ಮುಖಗಳನ್ನು ತಾಳುತ್ತದೆ. ಮೇಲಧಿಕಾರಿಯ ಒಪ್ಪಿಗೆಗೆ ‘ಸಬ್ಜೆಕ್ಟ್’ ಎಂದಾಗ ಅದು ಷರತ್ತು. ನ್ಯಾಯಾಲಯಕ್ಕೆ ‘ಸಬ್ಜೆಕ್ಟ್’ ಎಂದಾಗ ಅದು ಅಧಿಕಾರ. ತೆರಿಗೆಗೋ ನೆಗಡಿಗೋ ‘ಸಬ್ಜೆಕ್ಟ್’ ಎಂದಾಗ ಅದು ತಪ್ಪಿಸಿಕೊಳ್ಳಲಾಗದ ಕಟ್ಟು. ಇಂಗ್ಲಿಷಿನವರಿಗೆ ಮೂರಕ್ಕೂ ಒಂದೇ ಅಂಗಿ ಸಾಕು. ನಮ್ಮ ಅನುವಾದಕರು ಆ ಮೂವರಿಗೂ ‘ಒಳಪಟ್ಟು’ ಎಂಬ ಒಂದೇ ಅಂಗಿಯನ್ನು ಹೊಲಿಸಿದ್ದಾರೆ. ಅದು ಒಬ್ಬನಿಗೆ ಮೈಗೆ ಸರಿಯಾದರೆ ಇನ್ನೊಬ್ಬನಿಗೆ ಮೊಣಕಾಲು ಮುಟ್ಟುತ್ತದೆ.

‘ಒಳಪಡು’ ಎಂಬುದು ಕೆಟ್ಟ ಶಬ್ದವೇನೂ ಅಲ್ಲ. ಇಂಗ್ಲಿಷು ‘ಕೆಳಗೆ’ ಎಂದು ಕಂಡದ್ದನ್ನು ಕನ್ನಡವು ‘ಒಳಗೆ’ ಎಂದು ಕಂಡಿದೆ. ಬೇಲಿಯ ಒಳಗಿರುವುದೆಂಬ ಭಾವ ಅದರಲ್ಲಿದೆ. ಸೀಮೆ, ಮಿತಿ, ಅಧಿಕಾರ ಇವುಗಳೊಡನೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ‘ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿವೆ’ ಎಂದು ಜಾಹೀರಾತಿನ ಕೊನೆಗೆ ಕುದುರೆಯ ಓಟದಲ್ಲಿ ಓದುವ ಮಾತನ್ನು ಕೇಳಿ ಎಷ್ಟು ಮಂದಿ ತಾಯಂದಿರಿಗೆ ‘ನಾವು ಹಾಕಿದ ಹಣ ಕಡಿಮೆಯೂ ಆಗಬಹುದು’ ಎಂದು ಹೊಳೆಯುತ್ತದೆ? ಹೇಳಬೇಕಾದುದು ಅಷ್ಟೇ, ಆದರೆ ಅದೊಂದನ್ನು ಬಿಟ್ಟು ಉಳಿದುದೆಲ್ಲವೂ ಕೇಳಿಸುತ್ತದೆ.

ಅಧಿಕಾರವನ್ನೂ ಕಟ್ಟುಪಾಡನ್ನೂ ಹೇಳುವ ಮಾತು ನಮ್ಮ ಸೀಮೆಗೆ ಹೊಸದೆಂದು ಯಾರೂ ತಿಳಿಯಬಾರದು. ಹಾನಗಲ್ಲು ಹಿಂದೆ ಪಾನುಂಗಲ್ಲು ಐನೂರರ ರಾಜಧಾನಿ. ಅಲ್ಲಿ ಆಳಿದ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಕಾಲದ ಶಾಸನಗಳು ಮಾಂಡಲಿಕನನ್ನು ‘ತತ್ಪಾದಪದ್ಮೋಪಜೀವಿ’ ಎಂದು ಕರೆದುವು, ಎಂದರೆ ಚಕ್ರವರ್ತಿಯ ಪಾದಕಮಲವನ್ನು ಆಶ್ರಯಿಸಿ ಬದುಕುವವನು. ಅಧೀನತೆಯನ್ನು ಇಷ್ಟು ಅಂದವಾಗಿ ಹೇಳಿದ ಮಾತು ಇಂಗ್ಲಿಷಿನಲ್ಲಿಯೂ ದುರ್ಲಭ. ದತ್ತಿಯ ಭೂಮಿಗೆ ಯಾವ ತೊಡಕೂ ಇಲ್ಲವೆನ್ನಲು ‘ಸರ್ವಬಾಧಾಪರಿಹಾರ’ ಎಂದರು. ಇಂದಿನ ಕ್ರಯಪತ್ರದ ಭಾಷೆ ಅರ್ಧ ಪುಟದಲ್ಲಿ ಹೇಳುವುದನ್ನು ಅವರು ಒಂದು ಸಮಾಸದಲ್ಲಿ ಮುಗಿಸಿದರು.

ಹಿರೇಕೆರೂರ ಸೀಮೆಯ ಅಬಲೂರಿನ ಶಾಸನವು ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಅದರ ಪವಾಡವನ್ನೂ ಮತಗಳ ವಿವಾದವನ್ನೂ ಇಲ್ಲಿ ಚರ್ಚಿಸುವ ಉದ್ದೇಶ ನನಗಿಲ್ಲ. ನನ್ನ ಗಮನ ಸೆಳೆಯುವುದು ಒಂದು ಸಣ್ಣ ಸಂಗತಿ: ಪಣವನ್ನು ಒಡ್ಡುವ ಮುನ್ನ ಅದರ ನಿಬಂಧನೆಯನ್ನು ಓಲೆಯಲ್ಲಿ ಬರೆಯಿಸಿಕೊಂಡರು, ತಕರಾರು ಬಿಜ್ಜಳನ ಮುಂದೆ ಬಂದಾಗ ರಾಮಯ್ಯ ಆ ಓಲೆಯನ್ನೇ ಮುಂದಿಟ್ಟ, ಅರಸ ಜಯಪತ್ರವನ್ನು ಕೊಟ್ಟ. ಹೀಗಾದರೆ ಹೀಗೆ ಎಂಬ ಷರತ್ತನ್ನು ಬರೆದಿಟ್ಟುಕೊಳ್ಳುವ ವಿವೇಕವು ನಮ್ಮ ನೆಲದಲ್ಲಿ ಎಂಟು ನೂರು ವರ್ಷಕ್ಕೂ ಹಳೆಯದು.

ಸವಣೂರಿನದು ಬೇರೆ ಬಗೆಯ ಪಾಠ. ಅಲ್ಲಿಯ ನವಾಬರು ೧೭೫೬ರಲ್ಲಿ ಪೇಶ್ವೆಯ ಮುತ್ತಿಗೆಯನ್ನು ಕಂಡು ಸಂಧಿಗೆ ಒಡಂಬಟ್ಟರು. ಮುಂದೆ ಮೈಸೂರಿಗೆ ಅಂಜಿದರು. ಆಮೇಲೆ ಬ್ರಿಟಿಷರ ಛತ್ರದ ನೆರಳಿಗೆ ಬಂದು, ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗುವವರೆಗೆ ಹಾಗೆಯೇ ನಡೆದರು. ಮೇಲಿನವರು ಬದಲಾದಂತೆ ಮಾತೂ ಬದಲಾಯಿತು. ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಷರತ್ತು, ಕರಾರು, ಕಬೂಲು, ಜಾಮೀನು, ತಕರಾರುಗಳು ಕಚೇರಿಯಿಂದ ಹೊರಟು ಅಡಿಗೆಮನೆಯವರೆಗೂ ಬಂದುವು. ಇಂದು ‘ಷರತ್ತು’ ಎಂದರೆ ಸವಣೂರಿನಲ್ಲಿ ಎಲೆ ಮಾರುವ ಅಜ್ಜಿಗೂ ತಿಳಿಯುತ್ತದೆ. ಪರಭಾಷೆಯ ಶಬ್ದವು ಜನರ ಬಾಯಲ್ಲಿ ಪಳಗಿದ ಮೇಲೆ ನಮ್ಮದೇ. ‘ಸಬ್ಜೆಕ್ಟ್ ಟು’ ಮಾತ್ರ ಹಾಗೆ ಪಳಗಲಿಲ್ಲ. ಅದು ಕಾಗದದಿಂದ ಬಾಯಿಗೆ ಇಳಿಯಲೇ ಇಲ್ಲ.

ಇಳಿಯದಿದ್ದರೆ ಆಗುವ ನಷ್ಟವನ್ನು ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಕಂಡೆ. ಹಾನಗಲ್ಲ ಕಡೆಯ ಹುಡುಗ; ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ಅವನೊಬ್ಬನೇ. ಕೊಳವೆಬಾವಿಗಾಗಿ ತಂದೆ ಸಾಲ ಕೇಳಿದ್ದರು. ಪತ್ರ ಬಂತು. ಹುಡುಗ ಮೊದಲ ಸಾಲನ್ನು ಓದಿ, “ಅಪ್ಪಾ, ಸಾಲ ಮಂಜೂರ ಆಗೇತಿ” ಎಂದ. ತಂದೆ ಕಾಗದವನ್ನು ದಿಟ್ಟಿಸಿ, “ಮುಂದ ಇನ್ನೂ ಏನೋ ಬರದಾರಲ್ಲೋ?” ಎಂದರು. “ಅದು ಕಾಯ್ದೆ ಮಾತು, ಎಲ್ಲಾ ಕಾಗದದಾಗೂ ಇರತೈತಿ.” ಆ ‘ಕಾಯ್ದೆ ಮಾತು’ ಏನೆಂದರೆ, ಉತಾರದಲ್ಲಿರುವ ಹಳೆಯ ಬೋಜಾ ತೀರಿದರೆ ಮಾತ್ರ, ಸಹಭಾಗಿಗಳ ಒಪ್ಪಿಗೆಪತ್ರ ತಂದರೆ ಮಾತ್ರ ಹಣ ಕೊಡಲಾಗುವುದು. ತಂದೆ ಮರುದಿನವೇ ಕೈಗಡ ತಂದು ಬಾವಿ ಕೊರೆಯುವವನಿಗೆ ಮುಂಗಡ ಕೊಟ್ಟರು. ಒಪ್ಪಿಗೆಪತ್ರ ಕೊಡಬೇಕಾದ ಅಣ್ಣನ ಮಕ್ಕಳು ದೂರದ ಊರಲ್ಲಿದ್ದರು. ಅವರು ಬಂದು ಸಹಿ ಮಾಡುವಷ್ಟರಲ್ಲಿ ಬೇಸಗೆ ಕಳೆದಿತ್ತು, ಮುಂಗಡ ಹೋಗಿತ್ತು, ಕೈಗಡದ ಬಡ್ಡಿ ಉಳಿದಿತ್ತು.

ಹುಡುಗನನ್ನು ಹಳಿಯಲಾರೆ. ಇಂಗ್ಲಿಷಿನಲ್ಲಿ ಬಹಳ ಸಲ ಕೊಡುವ ಮಾತು ಮುಂದೆ, ಕಟ್ಟುವ ಮಾತು ಹಿಂದೆ. ‘ಮಂಜೂರಾಗಿದೆ’ ಎಂಬಲ್ಲಿಗೆ ಓದುಗನ ಮನಸ್ಸು ಹಬ್ಬ ಮಾಡಲು ಹೊರಡುತ್ತದೆ. ಬಾಲದಲ್ಲಿರುವ ಷರತ್ತು ಒಂಟಿಯಾಗಿ ನಿಲ್ಲುತ್ತದೆ. ಕನ್ನಡದ ಜಾಯಮಾನ ಬೇರೆ. ನಮ್ಮ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ ಷರತ್ತು ಸಹಜವಾಗಿಯೇ ಮುಂದೆ ನಡೆಯುತ್ತದೆ: ‘ಹಳೆಯ ಬೋಜಾ ತೀರಿಸಿ, ಸಹಭಾಗಿಗಳ ಒಪ್ಪಿಗೆಪತ್ರ ತಂದರೆ ಸಾಲ ಕೊಡುತ್ತೇವೆ’. ಇದನ್ನು ಕೇಳಿದ ಯಾವ ರೈತನೂ ಮರುದಿನ ಮುಂಗಡ ಕೊಡಲಾರ.

ಆದುದರಿಂದ ಮನೆಯಲ್ಲಿ ಕಾಗದ ಓದುವ ಹುಡುಗ ಹುಡುಗಿಯರಿಗೆ ನನ್ನ ಸೂಚನೆ ಇದು. ‘ಸಬ್ಜೆಕ್ಟ್ ಟು’ ಕಂಡೊಡನೆ ನಿಲ್ಲಿರಿ. ಷರತ್ತಿನ ಅರ್ಥವಿದ್ದರೆ ‘ಆದರೆ’, ‘ಇದ್ದರೆ’, ‘ತಂದರೆ’ ಎಂದು ಬಿಡಿಸಿರಿ. ಅಧಿಕಾರದ ಅರ್ಥವಿದ್ದರೆ ‘ಇಂಥವರ ತೀರ್ಮಾನವೇ ಕೊನೆಯದು’ ಎನ್ನಿರಿ. ಕಟ್ಟಿನ ಅರ್ಥವಿದ್ದರೆ ‘ಇದನ್ನು ಮೀರುವಂತಿಲ್ಲ’ ಎನ್ನಿರಿ. ‘ಬದಲಾವಣೆಗೆ ಒಳಪಟ್ಟಿರುತ್ತದೆ’ ಎಂದಿದ್ದರೆ ‘ಬದಲಾಗಬಹುದು’ ಎಂದರೆ ಸಾಕು. ಹೀಗೆ ಬಿಡಿಸಿದ್ದನ್ನು ಹಿರಿಯರ ಮುಂದೆ ಗಟ್ಟಿಯಾಗಿ ಓದಿರಿ.

ಕಟ್ಟುಪಾಡೆಂದರೆ ಕೇಡೆಂದು ಯಾರೂ ಭಾವಿಸಬಾರದು. ನಮ್ಮ ಸಂವಿಧಾನದ ೨೫ನೆಯ ವಿಧಿಯು ಧರ್ಮಸ್ವಾತಂತ್ರ್ಯವನ್ನು ಕೊಡುವ ಮೊದಲೇ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳ ಮೇರೆಯನ್ನು ಈ ಮಾತಿನಿಂದಲೇ ಹಾಕುತ್ತದೆ. ೧೯೭೪ರ ತಿದ್ದುಪಡಿಯಾದ ಮೇಲೆ ಭೂಸುಧಾರಣಾ ಕಾಯ್ದೆಯಿಂದ ನೆಲ ಪಡೆದ ಗೇಣಿದಾರನು ಹದಿನೈದು ವರ್ಷ ಅದನ್ನು ಪರಭಾರೆ ಮಾಡಬಾರದೆಂಬ ನಿಬಂಧನೆಯಿತ್ತು; ಬಡವನ ಕೈಗೆ ಬಂದ ಹೊಲ ಹಣವಂತನ ಕೈಗೆ ಮರಳದಿರಲೆಂದೇ ಆ ಬೇಲಿ. ಬೇಲಿ ಎಲ್ಲಿದೆಯೆಂದು ಹೊಲದವನಿಗೆ ತಿಳಿದಿರಬೇಕು, ಅಷ್ಟೇ.

ನಮ್ಮ ರಾಜ್ಯದಲ್ಲಿ ಕನ್ನಡವು ಆಡಳಿತಭಾಷೆಯೆಂದು ಕಾಯ್ದೆಯಾದದ್ದು ೧೯೬೩ರಲ್ಲಿ. ಕಾಗದದ ಮೇಲೆ ಕನ್ನಡ ಲಿಪಿಯನ್ನು ಕಂಡ ಮಾತ್ರಕ್ಕೆ ಆ ಕಾಯ್ದೆ ಸಾರ್ಥಕವಾಗದು. ಶಿಗ್ಗಾಂವಿಯ ಗೃಹಸ್ಥರೂ ಹಿರೇಕೆರೂರಿನ ಗೃಹಿಣಿಯೂ ಸಹಿ ಹಾಕುವ ಮುನ್ನ ಒಮ್ಮೆ ಓದಿ, ‘ಹಾಗಾದರೆ ನಾನು ಮಾಡಬೇಕಾದುದು ಇದು’ ಎಂದು ಹೇಳುವಂತಾಗಬೇಕು. ಅಲ್ಲಿಯವರೆಗೆ, ಸಹಿ ಮಾಡಲು ಪೆನ್ನು ಚಾಚಿದವರನ್ನು ಒಂದು ಗಳಿಗೆ ಕಾಯಿಸಿ, “ಈ ಸಾಲನ್ನು ನಮ್ಮ ಮಾತಿನಲ್ಲಿ ಹೇಳಿರಿ” ಎಂದು ಕೇಳಲು ಯಾರೂ ನಾಚಬೇಕಾಗಿಲ್ಲ.