ದುರಸ್ತಿಯೂ ವಿದ್ಯೆಯೇ

ಹೊಸ ಯಂತ್ರವನ್ನು ರೂಪಿಸುವವರಿಗೆ ಸಲ್ಲುವ ಗೌರವ, ಕೆಟ್ಟು ನಿಂತ ಯಂತ್ರವನ್ನು ಮತ್ತೆ ನಡೆಸುವವರಿಗೆ ನಮ್ಮಲ್ಲಿ ಸಲ್ಲುವುದಿಲ್ಲ. ಮೊದಲನೆಯದು ಬುದ್ಧಿಯ ಕೆಲಸ, ಎರಡನೆಯದು ಬರೀ ಕೈಯ ಕೆಲಸ ಎಂಬ ಮೇಲುಕೀಳಿನ ಎಣಿಕೆ ಕಾಲೇಜುಗಳಲ್ಲೂ ಸಂಬಳದ ಲೆಕ್ಕದಲ್ಲೂ ಬೇರೂರಿದೆ. ಬೆಂಗಳೂರಿನ ಹೇರೋಹಳ್ಳಿ, ಅಂದ್ರಹಳ್ಳಿ, ಸುಂಕದಕಟ್ಟೆಯಿಂದ ಪೀಣ್ಯದವರೆಗೆ ಶೆಡ್ಡುಗಳಲ್ಲಿ ಲೇತ್ ಮುಂದೆ ನಿಂತು ದುಡಿಯುವವರು ಈ ಎಣಿಕೆಯ ಭಾರವನ್ನು ದಿನವೂ ಹೊರುತ್ತಿದ್ದಾರೆ. ಅದು ಎಷ್ಟು ಪೊಳ್ಳು ಎಂಬುದಕ್ಕೆ ಇದೇ ಬೆಂಗಳೂರಿನ ಪೂರ್ವ ಭಾಗದಲ್ಲಿರುವ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಇತಿಹಾಸದಲ್ಲೇ ಸಾಕ್ಷಿಯಿದೆ.

ಆ ಸಾಕ್ಷಿ ಎರಡನೇ ಮಹಾಯುದ್ಧದ ಬಾಂಬರ್‌ಗಳದು. ಬ್ರಿಟಿಷ್ ವಾಯುಪಡೆಯ ನಾಲ್ಕು ಎಂಜಿನ್‌ಗಳ ಬಾಂಬರ್ ಎಂದೊಡನೆ ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್‌ಗಳು ನೆನಪಾಗುತ್ತವೆ. ಅವು ಮುಖ್ಯವಾಗಿ ಯುರೋಪಿನ ಯುದ್ಧದವು. ಭಾರತದ ನೆಲೆಗಳಿಂದ ಬರ್ಮಾದತ್ತ ಹಾರಿದ 99, 159, 355, 356ನೇ ಸ್ಕ್ವಾಡ್ರನ್‌ಗಳ ಬಳಿ ಇದ್ದದ್ದು ಅಮೆರಿಕ ಕೊಟ್ಟ ಲಿಬರೇಟರ್. ಯುದ್ಧ ಮುಗಿದಾಗ ಅವುಗಳಲ್ಲಿ ಹಲವನ್ನು ಕಾನ್ಪುರದಲ್ಲಿ ಬೇಕೆಂದೇ ಕೆಡಿಸಿ, ಬಯಲಿನಲ್ಲಿ ಬಿಟ್ಟರು. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದ 1948ರಲ್ಲಿ ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್‌ಗಳು ಬೇಕಾದವು. ಯಲ್ಲಪ್ಪ ಅವರ ನೇತೃತ್ವದ ಎಚ್‌ಎಎಲ್ ತಂಡ ಕಾನ್ಪುರಕ್ಕೆ ಹೋಗಿ ಅವುಗಳನ್ನು ಹಾರುವ ಮಟ್ಟಕ್ಕೆ ತಂದಿತು. ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಶಿ ಅವುಗಳನ್ನು ಸುಮಾರು 1,500 ಕಿ.ಮೀ. ದೂರದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿ ನಡೆದು, ಆ ವರ್ಷದ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ರೂಪುಗೊಂಡಿತು.

ಇದು ಬರೀ ಕೈಚಳಕವೇ? ಹೊಸ ವಿಮಾನ ಕಟ್ಟುವವರ ಮುಂದೆ ನಕ್ಷೆ ಇರುತ್ತದೆ. ಆದರೆ ಯಾವ ವಿಮಾನ ಎಲ್ಲಿ ಕೆಟ್ಟಿದೆ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನ್‌ಗಳು, ಮೂವತ್ಮೂರು ಮೀಟರ್ ರೆಕ್ಕೆಯಗಲದ ಒಡಲು. ಇವುಗಳಲ್ಲಿ ಉಳಿಸಬಹುದಾದದ್ದು ಯಾವುದು, ನಂಬಲಾಗದ್ದು ಯಾವುದು ಎಂದು ಪರೀಕ್ಷಿಸಿ ತೀರ್ಮಾನಿಸಬೇಕು. ತೀರ್ಮಾನ ತಪ್ಪಿದರೆ ಹೋಗುವುದು ಪೈಲಟ್‌ನ ಜೀವ. ಪರಿಣಾಮದಿಂದ ಕಾರಣಕ್ಕೆ ಹಿಂದಿರುಗುವ ಈ ವಿಚಾರಕ್ರಮ ವಿಜ್ಞಾನದ್ದೇ. ಅದು ಏಕಾಏಕಿ ಬಂದದ್ದೂ ಅಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಬೆಂಬಲದಿಂದ 1940ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆ 1943ರಿಂದ ಅಮೆರಿಕದ ಸೇನೆಯ ಕೈಯಲ್ಲಿದ್ದು, ಯುದ್ಧವಿಮಾನಗಳ ದುರಸ್ತಿಯಲ್ಲೇ ಪಳಗಿತ್ತು. ಕೆಲಸದ ಗಟ್ಟಿತನಕ್ಕೆ ಕಾಲವೇ ಪುರಾವೆ: ಲಿಬರೇಟರ್‌ಗಳು 1968ರವರೆಗೆ ನಮ್ಮಲ್ಲಿ ಹಾರಿದವು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಇಂದು ಇರುವ ಲಿಬರೇಟರ್ ಸಹ ಭಾರತ ಕೊಟ್ಟದ್ದು.

ದುರಸ್ತಿಯಿಂದ ಸ್ವಂತ ವಿನ್ಯಾಸ ಹುಟ್ಟುವುದಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಎಚ್‌ಎಎಲ್‌ನದೇ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು, ನಿಜ. ಆದರೆ 1961ರಲ್ಲಿ ಹಾರಿದ ಮರುತ್ ಯುದ್ಧವಿಮಾನ ತಕ್ಕ ಎಂಜಿನ್ ಸಿಗದೆ ಸೊರಗಿತು. ಎಂಜಿನ್ ಬಿಚ್ಚಿ ಜೋಡಿಸಬಲ್ಲ ಊರು ಎಂಜಿನ್ ರೂಪಿಸಬಲ್ಲ ಊರಾಗಲು ದೀರ್ಘ ಸಂಶೋಧನೆ, ಹಣ, ತಾಳ್ಮೆ ಬೇಕು. ಆದ್ದರಿಂದ ದುರಸ್ತಿಯೇ ಸಾಕು ಎಂದು ನಾನು ವಾದಿಸುವುದಿಲ್ಲ. ಯಂತ್ರ ಎಲ್ಲಿ ಸೋಲುತ್ತದೆ ಎಂದು ಬಲ್ಲವರನ್ನು ಹೊರಗಿಟ್ಟು ಮಾಡುವ ವಿನ್ಯಾಸ ಕುರುಡು ಎಂಬುದಷ್ಟೇ ನನ್ನ ವಾದ. ಹ್ಯಾಂಬರ್ಗ್, ಡ್ರೆಸ್ಡೆನ್‌ಗಳನ್ನು ಸುಟ್ಟ ಬಾಂಬರ್‌ಗಳ ಜಾತಿಗೇ ಸೇರಿದ ಯಂತ್ರವನ್ನು ಹೊಗಳಬಹುದೇ ಎಂಬುದು ಇನ್ನೂ ಆಳದ ಪ್ರಶ್ನೆ. ಬ್ರಿಟನ್ನಿನ ಬಾಂಬರ್ ಕಮಾಂಡ್ ಒಂದರಲ್ಲೇ 55,573 ಮಂದಿ ಸತ್ತರು; ಕೆಳಗೆ ಸತ್ತ ನಾಗರಿಕರು ಲಕ್ಷಗಟ್ಟಲೆ. ಕುಶಲತೆ ಈ ಪಾಪವನ್ನು ತೊಳೆಯದು. ನಮ್ಮ ಲಿಬರೇಟರ್‌ಗಳು ಹೆಚ್ಚಿನ ಕಾಲ ಸಮುದ್ರಗಾವಲಿನಲ್ಲಿದ್ದವು ಎಂಬ ಸಮಾಧಾನವೂ ಪೂರ್ಣ ಉತ್ತರವಲ್ಲ. ಆದರೆ ಯಂತ್ರದ ಬಳಕೆಯನ್ನು ತೀರ್ಮಾನಿಸಿದವರ ಹೊಣೆಯನ್ನು ಅದನ್ನು ದುರಸ್ತಿ ಮಾಡಿದವರ ಮೇಲೆ ಪೂರ್ತಿ ಹೊರಿಸುವುದೂ ನ್ಯಾಯವಲ್ಲ. ವಿದ್ಯೆಯನ್ನು ಗೌರವಿಸುತ್ತಲೇ ಅದರ ಉದ್ದೇಶವನ್ನು ಪ್ರಶ್ನಿಸಬಹುದು, ಪ್ರಶ್ನಿಸಲೇಬೇಕು.

ಹಾಗಾದರೆ ಆಗಬೇಕಾದದ್ದೇನು? ಎಂಜಿನಿಯರಿಂಗ್ ಪಾಠದಲ್ಲಿ ದೋಷ ಹುಡುಕುವುದನ್ನು ಮುಖ್ಯ ವಿಷಯವಾಗಿ ಕಲಿಸಬೇಕು. ಐಟಿಐನಲ್ಲಿ ಕಲಿತು ಹತ್ತಾರು ವರ್ಷ ದುಡಿದವರಿಗೆ ವಿನ್ಯಾಸದ ಕೋಣೆಯಲ್ಲಿ ಕುರ್ಚಿ ಸಿಗಬೇಕು. ಅವರು ಕಂಡುಕೊಂಡದ್ದನ್ನು ಕನ್ನಡದಲ್ಲೇ ದಾಖಲಿಸಬೇಕು, ಇಲ್ಲವಾದರೆ ಅದು ಅವರ ನಿವೃತ್ತಿಯೊಂದಿಗೇ ಕಾರ್ಖಾನೆಯಿಂದ ಹೊರಟುಹೋಗುತ್ತದೆ. ಹೇರೋಹಳ್ಳಿಯ ಶೆಡ್ಡಿನ ಕೆಲಸಗಾರನ ಅನುಭವವನ್ನು ಜ್ಞಾನವೆಂದು ಲೆಕ್ಕಕ್ಕೆ ತೆಗೆದುಕೊಳ್ಳದ ನಾಡು ತನ್ನ ಅರ್ಧ ಬುದ್ಧಿಯನ್ನು ಬಳಸದೆ ಬಿಟ್ಟಂತೆಯೇ.