ಪೊಕೆಮಾನ್ ಚಿತ್ರ ಇದ್ದದ್ದೆಲ್ಲ ಪೊಕೆಮಾನ್ ಆಟವೇ?

ಹಳೇಬೀಡು, ಬೇಲೂರು, ಅರಸೀಕೆರೆಯಂಥ ಊರುಗಳಲ್ಲಿ ಬೆಳೆದ ಹಲವರಿಗೆ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ನೆನಪಿರಬಹುದು. ಕ್ಯಾಸೆಟ್ ಮೇಲೆ ‘9999 ಇನ್ 1’ ಎಂದಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು, ಅವೇ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆ ಯಂತ್ರಗಳಲ್ಲಿ ಬಹುಪಾಲು, ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ‘ಫ್ಯಾಮಿಕಾಮ್’ನ ನಕಲುಗಳು.

ಈಗ ‘ಹಳೆಯ ಪೊಕೆಮಾನ್ ಆಟ ಉಚಿತ, ಲಿಂಕ್ ಒತ್ತಿ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಬಂದರೆ ನಂಬಬಹುದೇ?

ಇಲ್ಲದ ಆಟಕ್ಕೆ ಹೆಸರು ಬಂದದ್ದು ಹೇಗೆ?

ಪೊಕೆಮಾನ್ ಆಟ ಜಪಾನಿನಲ್ಲಿ ಮೊದಲು ಬಂದದ್ದು 1996ರಲ್ಲಿ. 2000ದಲ್ಲಿ ಅಲ್ಲಿಯೇ ಸ್ಮೈಲ್‌ಸಾಫ್ಟ್ ಎಂಬ ಬೇರೆ ಕಂಪನಿ, ಕೈಯಲ್ಲಿ ಹಿಡಿದು ಆಡುವ ‘ಗೇಮ್ ಬಾಯ್ ಕಲರ್’ಗೆ ‘ಟೆಲಿಫ್ಯಾಂಗ್’ ಎಂಬ ಆಟ ತಂದಿತು. ಮೊಬೈಲಿನಲ್ಲಿ ಕರೆ ಮಾಡಿ ವಿಚಿತ್ರ ಪ್ರಾಣಿಗಳನ್ನು ಕರೆಸಿ ಕಾದಾಡಿಸುವ ಆಟ ಅದು. ಪೊಕೆಮಾನ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ನಕಲು ಮಾಡುವವರು ಅದನ್ನು ಹರಕುಮುರುಕು ಇಂಗ್ಲಿಷಿಗೆ ತಿರುಗಿಸಿ, ‘ಪೊಕೆಮಾನ್ ಡೈಮಂಡ್’, ‘ಪೊಕೆಮಾನ್ ಜೇಡ್’ ಎಂದು ಚೀಟಿ ಅಂಟಿಸಿ ಮಾರಿದರು. ಆಗ ಆ ಹೆಸರಿನ ಪೊಕೆಮಾನ್ ಆಟವೇ ಇರಲಿಲ್ಲ. ಅಸಲಿ ‘ಪೊಕೆಮಾನ್ ಡೈಮಂಡ್’ ಬಂದದ್ದು 2006ರಲ್ಲಿ. ಹಾಗಾಗಿ ಇದು ‘ಕಂಪನಿ ಮುಚ್ಚಿಟ್ಟ ರಹಸ್ಯ ಪೊಕೆಮಾನ್’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ನಕಲಿ ಕ್ಯಾಸೆಟ್‌ನಿಂದ ನಷ್ಟ ಏನಿತ್ತು?

ಕೊಟ್ಟ ದುಡ್ಡು, ಆಡಿದ ಸಮಯ. ಗೇಮ್ ಬಾಯ್ ಕ್ಯಾಸೆಟ್‌ನಲ್ಲಿ ಆಡಿದಷ್ಟು ಆಟ ಉಳಿಯಲು ಒಳಗೆ ಪುಟ್ಟ ಬ್ಯಾಟರಿ ಬೇಕು. ಅಗ್ಗದ ನಕಲುಗಳಲ್ಲಿ ಅದು ಕಳಪೆಯಾಗಿರುತ್ತಿತ್ತು, ಇಲ್ಲವೇ ಇರುತ್ತಲೇ ಇರಲಿಲ್ಲ. ಮರುದಿನ ಮತ್ತೆ ಮೊದಲಿನಿಂದ ಶುರು. ಆದರೆ ಆ ಯಂತ್ರದಲ್ಲಿ ನಿಮ್ಮ ಬ್ಯಾಂಕ್ ಖಾತೆಯೂ ಇರಲಿಲ್ಲ, ಒಟಿಪಿಯೂ ಬರುತ್ತಿರಲಿಲ್ಲ.

ಫೋನಿನಲ್ಲಿ ಏಕೆ ಅಪಾಯ?

‘ಪೊಕೆಮಾನ್ ಗೋ’ 2016ರ ಜುಲೈನಲ್ಲಿ ಕೆಲವು ದೇಶಗಳಲ್ಲಿ ಬಿಡುಗಡೆಯಾಯಿತು. ಭಾರತಕ್ಕೆ ಅಧಿಕೃತವಾಗಿ ಬಂದದ್ದು ಡಿಸೆಂಬರ್‌ನಲ್ಲಿ. ಕಾಯಲಾರದವರು ಎಲ್ಲೆಲ್ಲಿಂದಲೋ ‘ಎಪಿಕೆ’ ಫೈಲ್ ಇಳಿಸಿಕೊಂಡರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಸೈಬರ್ ಸುರಕ್ಷತಾ ಸಂಸ್ಥೆ ಪ್ರೂಫ್‌ಪಾಯಿಂಟ್, ಇಂಥ ಒಂದು ಫೈಲಿನೊಳಗೆ ‘ಡ್ರಾಯ್ಡ್‌ಜ್ಯಾಕ್’ ಎಂಬ ಬೇಹು ತಂತ್ರಾಂಶವನ್ನು ಪತ್ತೆಹಚ್ಚಿತು. ತೆರೆದಾಗ ಕಾಣುವ ಪರದೆ ಅಸಲಿಯಂತೆಯೇ ಇತ್ತು. ಹಿಂದಿನಿಂದ ಫೋನಿನ ಹಿಡಿತ ಮಾತ್ರ ಬೇರೆಯವರ ಕೈಗೆ ಹೋಗಬಹುದಿತ್ತು.

ಏನು ಮಾಡಬೇಕು?

• ಫಾರ್ವರ್ಡ್ ಆಗಿ ಬಂದ ಎಪಿಕೆ ಫೈಲ್ ತೆರೆಯಬೇಡಿ, ಮುಂದಕ್ಕೆ ಕಳಿಸಲೂ ಬೇಡಿ.
• ಆಟಕ್ಕೆ ಎಸ್‌ಎಂಎಸ್ ಓದುವ ಅನುಮತಿ ಏಕೆ ಬೇಕು? ಕೇಳಿದರೆ ಕೊಡಬೇಡಿ, ಆ್ಯಪ್ ತೆಗೆದುಹಾಕಿ.
• ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ‘ಅಪರಿಚಿತ ಆ್ಯಪ್’ ಹಾಕಿಕೊಳ್ಳುವ ಅನುಮತಿ ಬಂದ್ ಮಾಡಿಡಿ.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಂದು ನಕಲಿ ಆಟ ಕೈಕೊಟ್ಟರೆ ಕ್ಯಾಸೆಟ್ ಎಸೆದರೆ ಮುಗಿಯುತ್ತಿತ್ತು. ಇಂದು ಅದೇ ಫೋನಿನಲ್ಲಿ ಮನೆಯವರೆಲ್ಲರ ದುಡ್ಡೂ ಇದೆ.